ದೇವಿಂದ್ರಪ್ಪನ ವಾಕೋವರ್

ಇಜೇರಿಗೆ ಇಂಗ್ಲಿಷ್ ಬಂದದ್ದು ಎತ್ತಿನ ಗಾಡಿಯಲ್ಲಿ. ಪೂರ್ತಿ ಭಾಷೆ ಬರಲಿಲ್ಲ, ಒಂದೇ ಶಬ್ದ ಬಂತು. ಅದನ್ನು ತಂದವನು ನಮ್ಮ ದೇವಿಂದ್ರಪ್ಪ. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಕಚೇರಿಯವರು ಅವನನ್ನು ಉರ್ದುವಿನಲ್ಲಿ ಬೈಯುತ್ತಿದ್ದರು, ಊರವರು ಕನ್ನಡದಲ್ಲಿ ಬೈಯುತ್ತಿದ್ದರು, ಆಳಂದ ಸೀಮೆಯ ಅತ್ತೆ ಅರ್ಧ ಮರಾಠಿ ಬೆರೆಸಿ ಬೈಯುತ್ತಿದ್ದಳು. ಇಷ್ಟು ಭಾಷೆಗಳಲ್ಲಿ ವ್ಯವಹಾರ ಇದ್ದವನಿಗೆ ಇನ್ನೊಂದರ ಚಪಲ ಯಾಕೆ ಹತ್ತಿತು ಎಂದರೆ, ಅದಕ್ಕೆ ಅವನ ಹೆಂಡತಿಯ ತವರುಮನೆಯ ಗೋಡೆಯೇ ಕಾರಣ.

ಹೆಂಡತಿ ನಿಂಬೆವ್ವನ ತವರು ಆಳಂದ ತಾಲೂಕಿನ ಮಾದನಹಿಪ್ಪರಗಾ. ಪೈಲವಾನರ ಮನೆತನ. ಆ ಮನೆಯ ಪಡಸಾಲೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಮೊಳೆಗೊಂದರಂತೆ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗಗಳನ್ನು ತೂಗುಹಾಕಿದ್ದರು. ಇದು ಅಜ್ಜ ಗೆದ್ದದ್ದು, ಇದು ಅಪ್ಪ ಗೆದ್ದದ್ದು, ಇವು ನಿಂಬೆವ್ವನ ತಮ್ಮ ರೇವಣಪ್ಪ ಗೆದ್ದವು. ಅಳಿಯ ಊಟಕ್ಕೆ ಬಂದರೆ ಕಡಗಗಳೆಲ್ಲ ಎದುರಿಗೆ ಕಾಣುವ ಹಾಗೆ ಮಣೆ ಹಾಕುತ್ತಿದ್ದರು.

ದೇವಿಂದ್ರಪ್ಪನದು ಅಂಗಿ ಬಿಚ್ಚಿದರೆ ಎಲುಬು ಎಣಿಸಬಹುದಾದ ಮೈ. ಎಣಿಸುವವರಿಗೆ ಯಾಕೆ ತೊಂದರೆ ಎಂದು ಅವನು ಅಂಗಿಯನ್ನೇ ಬಿಚ್ಚುತ್ತಿರಲಿಲ್ಲ. ಅತ್ತೆ ತುಳಜಾಬಾಯಿ ಮಗನಿಗೆ ಚರಿಗೆ ತುಂಬ ಹಾಲು ಕೊಟ್ಟು, ಅಳಿಯನಿಗೆ ಮಜ್ಜಿಗೆ ಕೊಡುತ್ತಿದ್ದಳು. ಹಾಲು ಅರಗಿಸಿಕೊಳ್ಳುವುದು ಎಲ್ಲರಿಗೂ ಆಗುವ ಕೆಲಸವಲ್ಲ ಎಂದು ಕಾಳಜಿಯ ಮಾತನ್ನೂ ಸೇರಿಸುತ್ತಿದ್ದಳು. ಮಜ್ಜಿಗೆಯ ಬಗ್ಗೆ ದೇವಿಂದ್ರಪ್ಪನ ತಕರಾರಿರಲಿಲ್ಲ, ಬೇಸಿಗೆಗೆ ಅದು ಒಳ್ಳೆಯದೇ. ಆದರೆ ಆ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತ ನಿಂಬೆವ್ವ ತಲೆ ತಗ್ಗಿಸುತ್ತಿದ್ದಳು. ಮದುವೆಯಾದ ಮೊದಲ ವರ್ಷ ತಗ್ಗಿಸಿದ್ದು, ಇಷ್ಟು ವರ್ಷವಾದರೂ ತವರಿಗೆ ಹೋದಾಗಲೆಲ್ಲ ತಗ್ಗಿಸುತ್ತಿದ್ದಳು. ಅದೊಂದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ತನ್ನ ಮನೆಯ ಗೋಡೆಯ ಮೇಲೂ ಒಂದು ಕಡಗ ತೂಗಿದರೆ ಆ ತಲೆ ಮೇಲೆದ್ದೀತು ಎಂದು ಅವನು ನಂಬಿದ್ದ. ಕಡಗಕ್ಕೆ ಕುಸ್ತಿ ಹಿಡಿಯಬೇಕಾಗುತ್ತದೆ ಎನ್ನುವುದೊಂದೇ ಅಡಚಣೆಯಾಗಿತ್ತು.

ಆ ಅಡಚಣೆಯನ್ನು ನಿವಾರಿಸಿದವರು ಗಿರದಾವರ ಶರಫುದ್ದೀನ ಸಾಹೇಬರು. ಗಿರದಾವರರೆಂದರೆ ಸುತ್ತಲಿನ ಹಳ್ಳಿಗಳ ಕಂದಾಯ ನೋಡುವ ಅಧಿಕಾರಿ. ಅವರ ಸಾಮಾನು ಗುಲ್ಬರ್ಗಕ್ಕೆ ಹೋಗಬೇಕೆಂದರೆ ಯಾರದಾದರೂ ಗಾಡಿ ಬಿಟ್ಟಿಯಾಗಿ ಹೋಗಬೇಕು ಎಂದರ್ಥ. ಆ ಬೇಸಿಗೆಯಲ್ಲಿ ಪಾಳಿ ದೇವಿಂದ್ರಪ್ಪನದಾಯಿತು. ಸಾಹೇಬರು ಹೊರಟದ್ದು ಅಧಿಕಾರಿಗಳ ಟೆನಿಸ್ ಪಂದ್ಯಕ್ಕೆ. ಅಲ್ಲಿ ಅವರು ಬಿಳಿ ಪ್ಯಾಂಟು ಹಾಕಿಕೊಂಡು, ಜಾಳಿಗೆಯ ಬ್ಯಾಟು ಹಿಡಿದು, ಮೈದಾನದ ಒಂದು ತುದಿಗೆ ನಿಂತರು. ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ. ಎದುರು ಆಡಬೇಕಾದ ಓವರ್ಸಿಯರಿಗೆ ಚಳಿಜ್ವರ ಬಂದಿತ್ತಂತೆ. ಸ್ವಲ್ಪ ಹೊತ್ತು ಹಾಗೇ ನಿಂತ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ಕೊರಳಿಗೆ ಹಾರ ಬಿತ್ತು, ಬೆಳ್ಳಿಯ ಕಪ್ ಬಂತು, ಫೋಟೋ ಕೂಡ ಆಯಿತು. ಮರದ ಕೆಳಗೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ದೇವಿಂದ್ರಪ್ಪ ಇದನ್ನೆಲ್ಲ ಬಾಯಿ ತೆರೆದುಕೊಂಡು ನೋಡಿದ.

ವಾಪಸು ಬರುವಾಗ ಸಾಹೇಬರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದೇವಿಂದ್ರಪ್ಪ ಧೈರ್ಯ ಮಾಡಿ ಕೇಳಿದ.

"ಸಾಹೇಬರ, ನೀವು ಬರೇ ನಿಂತಿದ್ರಿ. ಕಪ್ ಹ್ಯಾಂಗ ಬಂತ್ರಿ?"

"ಅದಕ್ಕ ವಾಕೋವರ್ ಅಂತಾರ. ಎದುರಿನಾಂವ ಬರಲಿಲ್ಲಂದ್ರ ಬಂದಾಂವಂದೇ ಜೀತ್, ಅಂವಾ ಗೆದ್ದಂಗ. ಆದ್ರ ಮೈದಾನಕ್ಕ ಇಳೀಬೇಕು, ಇಳದು ನಿಲ್ಲಬೇಕು. ಅಷ್ಟೇ."

"ಬೆವರು ಬರ್ತದೇನ್ರಿ?"

"ಎದಕ್ಕ ಬರ್ತದ?"

"ಮತ್ತ ಕಪ್ಪಿನ ಮ್ಯಾಲ ಹಂಗಂತ ಬರೀತಾರೇನ್ರಿ, ಎದುರಿನಾಂವ ಬಂದಿದ್ದಿಲ್ಲಂತ?"

ಸಾಹೇಬರು ಕಪ್ಪನ್ನು ಕರವಸ್ತ್ರದಿಂದ ಒಂದು ಸಲ ಒರೆಸಿ, ಬೆಳ್ಳಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಸಮಾಧಾನದಿಂದ ಹೇಳಿದರು.

ಆ ಮಾತು ದೇವಿಂದ್ರಪ್ಪನ ಒಳಗೆ ಇಳಿದು ಕೂತಿತು. ಭೀಮಾ ದಾಟಿ ಜೇವರ್ಗಿಯ ಮೇಲೆ ಹಾಯ್ದು ಇಜೇರಿ ಮುಟ್ಟುವ ತನಕ ಅವನು ಎತ್ತುಗಳಿಗೆ ಬೇರೆ ಏನನ್ನೂ ಹೇಳಲಿಲ್ಲ. ಬಲಗಡೆಯ ಎತ್ತಿಗೂ ವಾಕೋವರ್, ಎಡಗಡೆಯ ಎತ್ತಿಗೂ ವಾಕೋವರ್. ಅವು ಹಾದಿ ತಪ್ಪದೆ ಊರಿಗೆ ಬಂದದ್ದು ಅವುಗಳ ಒಳ್ಳೆಯತನ.

ಊರಿಗೆ ಬಂದವನು ತಿಂಗಳೊಪ್ಪತ್ತು ಆ ಒಂದು ಶಬ್ದದ ಮೇಲೆಯೇ ಬದುಕಿದ. ಕರೆದ ನೆಂಟರು ಊಟಕ್ಕೆ ಬರದಿದ್ದರೆ ಮನೆಯವರಿಗೆ ವಾಕೋವರ್. ಪಂಚಾಯ್ತಿಗೆ ವಾದಿ ಬಂದು ಪ್ರತಿವಾದಿ ಬರದಿದ್ದರೆ ವಾದಿಗೆ ವಾಕೋವರ್. ಬೆಕ್ಕು ಸತ್ತ ಮನೆಯಲ್ಲಿ ಇಲಿಗೆ ವಾಕೋವರ್. ಕಟ್ಟೆಯ ಮೇಲಿನ ಹಿರಿಯರು ಮೊದಲು ನಕ್ಕರು, ಆಮೇಲೆ ತಾವೂ ಅನ್ನತೊಡಗಿದರು. ನಿಂಬೆವ್ವ ಮಾತ್ರ, ನೀವು ಹೀಗೆ ಕಟ್ಟೆ ಹಿಡಿದು ಕೂತರೆ ಹೊಲದ ಕಸಕ್ಕೆ ವಾಕೋವರ್ ಆಗುತ್ತದೆ ಎಂದಳು. ಹೆಂಡತಿ ಇಂಗ್ಲಿಷನ್ನು ಇಷ್ಟು ಬೇಗ ಕಲಿತಳಲ್ಲ ಎಂದು ದೇವಿಂದ್ರಪ್ಪನಿಗೆ ಹೆಮ್ಮೆಯಾಯಿತು. ಮಾತಿನ ಅರ್ಥದ ಕಡೆಗೆ ಅವನ ಗಮನ ಹೋಗಲಿಲ್ಲ.

ಶ್ರಾವಣ ಬಂತು. ನಾಗರಪಂಚಮಿಗೆ ಇಜೇರಿಯಲ್ಲಿ ಕುಸ್ತಿ ನಡೆಯುವುದು ಹಳೆಯ ರೂಢಿ, ಅದಕ್ಕೊಂದು ಪದ್ಧತಿಯೂ ಇತ್ತು. ಕಡಗ ಬೇಕೆನ್ನುವವನು ಪಂಚಮಿಯ ಸಂಜೆ ಕುಸ್ತಿ ಕಣಕ್ಕೆ ಇಳಿದು, ಬಲಗೈ ಮುಂದೆ ಚಾಚಿಕೊಂಡು ಕಣದ ಸುತ್ತ ಮೂರು ಸುತ್ತು ನಡೆಯಬೇಕು. ಚಾಚಿದ ಕೈಯನ್ನು ಯಾರಾದರೂ ಹಿಡಿದರೆ ಜೋಡಿ ಕೂಡಿತು, ಮರುದಿನ ಸಂಜೆ ಕುಸ್ತಿ. ಮೂರು ಸುತ್ತು ಮುಗಿದರೂ ಯಾರೂ ಹಿಡಿಯದಿದ್ದರೆ ಕಡಗ ಅವನದೇ. ಈ ಕೊನೆಯ ಭಾಗವನ್ನು ಊರು ಮರೆತೇಬಿಟ್ಟಿತ್ತು, ಯಾಕೆಂದರೆ ಕೈ ಹಿಡಿಯಲು ಪೈಲವಾನರು ಮುಗಿಬೀಳುತ್ತಿದ್ದರು. ಆ ವರ್ಷ ಮಾತ್ರ ಅಫಜಲಪುರದ ವ್ಯಾಪಾರಿಗಳು ಸೇರಿ ಪಂಚಮಿಗೆ ಮೂರು ದಿನದ ದೊಡ್ಡ ಕುಸ್ತಿ ಇಟ್ಟಿದ್ದರು. ಈ ಸೀಮೆಯ ಲಂಗೋಟಿಗಳೆಲ್ಲ ಭೀಮಾ ದಾಟಿ ಅಫಜಲಪುರಕ್ಕೆ ಹೋಗಿದ್ದವು. ಇಜೇರಿಯಲ್ಲಿ ಉಳಿದವರು ಮುದುಕರು, ಹೆಂಗಸರು ಮತ್ತು ದೇವಿಂದ್ರಪ್ಪ.

ಪಂಚಮಿಯ ಬೆಳಿಗ್ಗೆ ಅವನು ಪಡಸಾಲೆಯ ಗೋಡೆಗೆ, ಬಾಗಿಲಿಂದ ಒಳಗೆ ಬಂದವರಿಗೆ ಮೊದಲು ಕಾಣುವಂತೆ, ಒಂದು ಮೊಳೆ ಹೊಡೆದ. ಏನಕ್ಕೆ ಎಂದು ನಿಂಬೆವ್ವ ಕೇಳಿದ್ದಕ್ಕೆ ಸಂಜೆ ತಿಳಿಯುತ್ತದೆ ಎಂದ.

ಸಂಜೆ ಕಣದಲ್ಲಿ ಅವನನ್ನು ಕಂಡ ಪಾಟೀಲ ದತ್ತಪ್ಪಗೌಡರು ಮೊದಲು ನೀರು ಹೊಡೆಯಲು ಬಂದಿದ್ದಾನೆ ಅಂದುಕೊಂಡರು. ಕುಸ್ತಿಯ ಯಜಮಾನಿಕೆ ಅವರದು. ಕೈ ಚಾಚುತ್ತೇನೆ ಎಂದಾಗ ಅವನನ್ನು ಮೇಲಿಂದ ಕೆಳಗೆ ನೋಡಿ, ಅಂಗಿಯನ್ನಾದರೂ ಬಿಚ್ಚು ಎಂದರು. ದೇವಿಂದ್ರಪ್ಪ ಬಿಚ್ಚಲಿಲ್ಲ. ಇದು ಬೇರೆ ನಮೂನೆಯ ಕುಸ್ತಿ, ಗುಲ್ಬರ್ಗದಲ್ಲಿ ನಮ್ಮ ಗಿರದಾವರ ಸಾಹೇಬರೂ ಅಂಗಿ ಹಾಕಿಕೊಂಡೇ ಗೆದ್ದರು ಎಂದು ತಿಳಿಸಿ ಹೇಳಿದ. ಗಿರದಾವರರ ಹೆಸರು ಬಂದ ಮೇಲೆ ಗೌಡರು ಹಲಗೆಯವರಿಗೆ ಬಾರಿಸಲು ಸನ್ನೆ ಮಾಡಿದರು.

ಮೊದಲ ಸುತ್ತಿಗೆ ಜನ ನಕ್ಕರು. ಎರಡನೆಯ ಸುತ್ತಿಗೆ, ಈತ ನಿಜಕ್ಕೂ ಕಡಗ ಒಯ್ಯುತ್ತಾನಲ್ಲ ಎಂದು ತಿಳಿದು ನಗು ನಿಂತಿತು. ಮೂರನೆಯ ಸುತ್ತಿಗೆ ಹಲಗೆ ಬಾರಿಸುವವರಿಗೇ ಹುರುಪು ಬಂತು. ಗೌಡರ ಮಾಳಿಗೆಯ ಮೇಲೆ ಹೆಂಗಸರು ನಿಂತಿದ್ದರು. ದೇವಿಂದ್ರಪ್ಪ ಕತ್ತೆತ್ತಿ ನೋಡಿದ. ಅವರ ನಡುವೆ ನಿಂಬೆವ್ವ ನಿಂತಿದ್ದಳು, ತಲೆ ತಗ್ಗಿಸಿರಲಿಲ್ಲ. ಸೆರಗು ಜಾರಿದ್ದು ಕೂಡ ಗೊತ್ತಿಲ್ಲದೆ ಅವನನ್ನೇ ನೋಡುತ್ತಿದ್ದಳು. ಮೂರು ಸುತ್ತು ಮುಗಿದಿತ್ತು, ಗೌಡರು ಕಡಗ ಕೈಗೆ ತೆಗೆದುಕೊಂಡಿದ್ದರು, ಅವನು ಕೈ ಇಳಿಸಿದ್ದರೆ ಕಥೆ ಇಲ್ಲಿಗೇ ಮುಗಿದು ನಾವೂ ನೀವೂ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಹೆಂಡತಿ ಹಾಗೆ ನೋಡುತ್ತಿರುವಾಗ ಯಾವ ಗಂಡ ನಿಲ್ಲುತ್ತಾನೆ? ದೇವಿಂದ್ರಪ್ಪ ಕೈ ಚಾಚಿಕೊಂಡೇ ನಾಲ್ಕನೆಯ ಸುತ್ತಿಗೆ ಹೊರಟ.

ಕಣದ ಅಂಚಿನಲ್ಲಿ ಮಲಂಗಸಾಬ ಕೂತಿದ್ದ. ಒಂದು ಕಾಲಕ್ಕೆ ಈ ಸೀಮೆಯ ಹೆಸರಾದ ಪೈಲವಾನ, ಈಗ ಎಪ್ಪತ್ತು ದಾಟಿದ ಮುದುಕ. ಎರಡೂ ಮೊಣಕಾಲು ಹೋಗಿದ್ದವು. ಕೋಲೂರಿ ಬಂದು ಕಣದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವುದಷ್ಟೇ ಅವನ ಪಾಲಿಗೆ ಉಳಿದ ಕುಸ್ತಿ. ಮೂರು ಸುತ್ತು ಮುಗಿದದ್ದನ್ನು ಅವನು ಸರಿಯಾಗಿಯೇ ಎಣಿಸಿದ್ದ. ಪಾಪ, ಗೆದ್ದ ಹುಡುಗ ಕೈ ಚಾಚಿಕೊಂಡು ಬರುತ್ತಿದ್ದಾನೆ, ಒಬ್ಬರೂ ಆ ಕೈ ಕುಲುಕುತ್ತಿಲ್ಲ, ಇದೆಂಥ ಊರು ಎಂದುಕೊಂಡ. ಕೋಲೂರಿ ಎದ್ದು, ಎರಡೂ ಕೈಯಿಂದ ದೇವಿಂದ್ರಪ್ಪನ ಕೈ ಹಿಡಿದು, "ಶಾಬಾಸ್ ಬೇಟಾ" ಎಂದ.

ಹಲಗೆ ನಿಂತಿತು. ಗೌಡರು ಕಡಗವನ್ನು ವಾಪಸು ತಟ್ಟೆಯಲ್ಲಿಟ್ಟು, ಜೋಡಿ ಕೂಡಿತು ಎಂದರು.

ಮುದುಕರು ಶಾಬಾಸ್ ಹೇಳಲು ಬಂದದ್ದು, ಕುಸ್ತಿಗಲ್ಲ ಎಂದು ದೇವಿಂದ್ರಪ್ಪ ಅಂಗಲಾಚಿದ. ಮಲಂಗಸಾಬ ಅವನಿಗಿಂತ ಹೆಚ್ಚು ಅಂಗಲಾಚಿದ. ಗೌಡರು ಇಬ್ಬರ ಮಾತನ್ನೂ ಶಾಂತವಾಗಿ ಕೇಳಿದರು.

"ಮೂರು ಸುತ್ತು ಮುಗದ ಮ್ಯಾಲ ಕೈ ಯಾಕ ಇಳಿಸಲಿಲ್ಲ? ಚಾಚಿದ ಕೈ ಅಂದ್ರ ಚಾಚಿದ ಕೈ. ಹಿಡದ ಕೈ ಅಂದ್ರ ಹಿಡದ ಕೈ. ನಡುವ ಬಾಯಿ ಏನಂತು ಅನ್ನೂದು ಕಣಕ್ಕ ಬೇಕಾಗಿಲ್ಲ."

ಊರಿಗೆ ಊರೇ ಸಂತೋಷಪಟ್ಟಿತು. ಎಷ್ಟೋ ವರ್ಷಗಳಿಂದ ಇಜೇರಿಯ ಪಂಚಮಿಗೆ ಇಂಥ ಜೋಡಿ ಕೂಡಿರಲಿಲ್ಲ. ದೇವಿಂದ್ರಪ್ಪ ಮನೆ ಮುಟ್ಟುವ ಮೊದಲೇ ಹಿತೈಷಿಗಳು ಬಂದು ಪಡಸಾಲೆ ತುಂಬಿದ್ದರು. ಪಕ್ಕದ ಮನೆಯ ಮಲ್ಕಪ್ಪ ಉಚಿತವಾಗಿ ಲೆಕ್ಕ ಬಿಡಿಸಿ ಹೇಳಿದ. ಗೆದ್ದರೆ, ಕಾಲಿಲ್ಲದ ಮುದುಕನನ್ನು ಕೆಡವಿದವನು ಎಂದು ಹೆಸರು. ಸೋತರೆ, ಕಾಲಿಲ್ಲದ ಮುದುಕನ ಕೈಯಲ್ಲಿ ಬಿದ್ದವನು ಎಂದು ಹೆಸರು. ಕೈ ಬಿಟ್ಟು ಓಡಿದರೆ ಆ ಹೆಸರು ಬೇರೆ. ಒಟ್ಟಿನಲ್ಲಿ ಹೆಸರು ಬರುವುದಂತೂ ಖಾತ್ರಿ ಎಂದು ಮಲ್ಕಪ್ಪ ಧೈರ್ಯ ತುಂಬಿ ಹೋದ. ಆಮೇಲೆ ಮಲಂಗಸಾಬನ ಹೆಂಡತಿ ಖಾಸೀಂಬಿ ಬಂದು ಅಡುಗೆಮನೆಯಲ್ಲಿ ಕೂತು, ಗಂಡನ ಎಲುಬಿನ ಬಗ್ಗೆ ಅತ್ತಳು. ನಿಂಬೆವ್ವ ತನ್ನ ಗಂಡನ ಎಲುಬಿನ ಬಗ್ಗೆ ಹೇಳಿದಳು. ಇಬ್ಬರೂ ತುಂಬ ಹೊತ್ತು ಮೆಲ್ಲಗೆ ಮಾತಾಡಿಕೊಂಡರು.

ಮರುದಿನ ಮಧ್ಯಾಹ್ನ ಇನ್ನೊಂದು ಆಪತ್ತು ಅಫಜಲಪುರದ ದಾರಿಯಿಂದ ಬಂತು. ಅಕ್ಕನನ್ನು ಪಂಚಮಿಗೆ ಕರೆದೊಯ್ಯಲು ಮೊದಲೇ ಬರಬೇಕಿದ್ದ ರೇವಣಪ್ಪ, ಅಲ್ಲಿಯ ಕುಸ್ತಿಯ ಮೊದಲ ದಿನವೇ ಗೆದ್ದು, ತಡವಾಯಿತೆಂದು ಸೀದಾ ಇಲ್ಲಿಗೆ ಬಂದಿದ್ದ. ತೋಳಿನಲ್ಲಿ ಹೊಸ ಕಡಗ ಮಿನುಗುತ್ತಿತ್ತು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದವನಿಗೆ ಮೊದಲು ಕಂಡದ್ದು ಖಾಲಿ ಮೊಳೆ. ಇದೇನಕ್ಕೆ ಎಂದು ಕೇಳಿದ. ಊರವರು ಬಾಗಿಲಿಗೇ ಬಂದು ಎಲ್ಲ ವಿವರ ಕೊಟ್ಟರು. ರೇವಣಪ್ಪ ನಗುತ್ತಾನೆ ಎಂದು ದೇವಿಂದ್ರಪ್ಪ ಕಾದ. ಅವನು ನಗಲಿಲ್ಲ, ಅದು ಇನ್ನೂ ಕೆಟ್ಟದಾಯಿತು.

"ಮಲಂಗಸಾಬರ ಕೂಡೇನು ಮಾಮಾ? ನಮ್ಮ ಮುತ್ಯಾಗ ಒಮ್ಮೆ ಕೂತಲ್ಲಿಂದಲೇ ಒಗದಿದ್ರಂತ ಅವ್ರು. ಮುತ್ಯಾ ಸಾಯೂ ತನಕ ಬಲಗಡಿ ಹೊಳ್ಳಿ ಮಲಗಲಿಲ್ಲ."

ಇದನ್ನು ಕೇಳಿದ ದೇವಿಂದ್ರಪ್ಪ ತನ್ನ ಬಲಗಡೆಯ ಪಕ್ಕೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಜೊತೆಗೆ ಅವನ ತಲೆಯೂ ಒಮ್ಮೆ ಕೆಲಸ ಮಾಡಿತು. ವಾಕೋವರನ್ನು ಪಡೆಯುವುದಷ್ಟೇ ಅಲ್ಲ, ಕೊಡುವುದಕ್ಕೂ ಬರುತ್ತದಲ್ಲ. ತಾನು ಹೋಗದಿದ್ದರೆ ಆಯಿತು, ಮುದುಕನಿಗೆ ಕಡಗ, ತನಗೆ ಎಲುಬು. ಎದುರಿಗೆ ಕಂಡ ತಾಮ್ರದ ತಂಬಿಗೆಯನ್ನು ಎತ್ತಿಕೊಂಡು ನೀರು ತುಂಬಿಸಿದ. ತಂಬಿಗೆ ಹಿಡಿದು ಹೊಲದ ಕಡೆ ಹೊರಟ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ಯಾರೂ ತಡೆದು ಎಲ್ಲಿಗೆ ಎಂದು ಕೇಳುವುದಿಲ್ಲ. ನಿಂಬೆವ್ವ ಕೇಳಲೂ ಇಲ್ಲ. ಅವಳಿಗೆ ಎಲ್ಲ ತಿಳಿದಿತ್ತು.

"ಅವ್ವ ಮದುವ್ಯಾಗ ಕೊಟ್ಟ ತಂಬಿಗಿ ಅದ," ಎಂದಳು. "ನೀವು ತಡಾ ಮಾಡಿ ಬಂದ್ರೂ ನಡೀತದ. ತಂಬಿಗಿ ಮರೀಬ್ಯಾಡ್ರಿ."

ಊರ ಹೊರಗಿನ ಹಳ್ಳ ಆಗ ಬತ್ತಿತ್ತು. ಹಳ್ಳದ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಜಾಲಿಯ ಪೊದೆಗಳು. ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ದೇವಿಂದ್ರಪ್ಪ ಒಂದು ಪೊದೆಯ ಮರೆಗೆ ಹೋಗಿ ತಂಬಿಗೆ ಇಟ್ಟು ಕೂತ. ಆಚೆ ಪೊದೆಯ ಮರೆಯಲ್ಲಿ ಇನ್ನೊಂದು ತಂಬಿಗೆ ಕಾಣಿಸಿತು. ಅದರ ಪಕ್ಕ ಒಂದು ಕೋಲು ಇತ್ತು. ಮಲಂಗಸಾಬ ಅತ್ತ ಮುಖ ಮಾಡಿ ಕೂತಿದ್ದ.

ಇಂಥ ಹೊತ್ತಿನಲ್ಲಿ ಮಾತಾಡಿಸುವುದು ಮರ್ಯಾದೆಯಲ್ಲ. ದೇವಿಂದ್ರಪ್ಪ ಮುಖ ತಿರುಗಿಸಿ, ಮುದುಕ ಎದ್ದು ಹೋಗಲಿ ಎಂದು ಕಾದ. ಮುದುಕನೂ ಅದೇ ಮರ್ಯಾದೆಯಿಂದ ಕಾದ. ಹೊತ್ತು ಹೋಯಿತು, ಬಿಸಿಲು ಇಳಿಯಿತು. ಮನುಷ್ಯರಿಗೆ ಸಾಧ್ಯವಾದುದಕ್ಕಿಂತ ಹೆಚ್ಚು ಹೊತ್ತು ಇಬ್ಬರೂ ಹಾಗೇ ಕೂತರು.

"ಮುತ್ಯಾ, ಇನ್ನೂ ಆಗಲಿಲ್ಲೇನ್ರಿ?"

"ನಿಂದು ಆಗ್ಲಿ ಬೇಟಾ. ನನಗೇನು ಅವಸರಿಲ್ಲ."

ಅಷ್ಟರಲ್ಲಿ ಊರ ಕಡೆಯಿಂದ ಹಲಗೆಯ ಸದ್ದು ಕೇಳಿತು. ಕುಸ್ತಿಗೆ ಕರೆ. ಪೊದೆಯ ಈಚೆಯವನೂ ಆಚೆಯವನೂ ಒಟ್ಟಿಗೇ ಬೆಚ್ಚಿದರು. ಬೆಚ್ಚಿದ್ದನ್ನು ಇಬ್ಬರೂ ನೋಡಿದರು. ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ದೇವಿಂದ್ರಪ್ಪ ತಾನು ಯಾಕೆ ಬಂದೆ ಎಂದು ಹೇಳಿದ. ಮಲಂಗಸಾಬ ಗಡ್ಡ ನೀವಿಕೊಂಡು ನಕ್ಕ.

"ಖಾಸೀಂಬಿ ಕಳಿಸ್ಯಾಳ ನನಗ. ಆ ಹುಡುಗಗ ಬೀಗರ ಮುಂದ ಇಜ್ಜತ್ ಬೇಕಾಗ್ಯದ, ಅವನ ಹೆಂಡ್ತಿ ಭಾಳ ನೊಂದಾಳ, ನೀ ಹೋಗಿ ಅಡಗಿ ಕೂಡು ಅಂದಳು. ನೀನೇ ಕಲಿಸಿದ್ಯಲ್ಲ ಊರಿಗೆ, ಆ ವಾಕೋವರ್ ನಿನಗ ಕೊಡಾಕತ್ತೇನಿ. ತಗೊಂಡು ಹೋಗು."

"ನಾನೂ ನಿಮಗ ಅದನ್ನೇ ಕೊಡಾಕ ಬಂದೇನ್ರಿ."

"ನಾ ಮೊದಲ ಬಂದು ಕುಂತೇನಿ. ಮೊದಲ ಕೊಟ್ಟಾಂವ ನಾನು. ಹೋಗು, ಹಲಗಿ ನಿಂತ್ರ ಕಡಗ ಹೋಯ್ತು."

ದೇವಿಂದ್ರಪ್ಪ ಹೋದ. ಅವನನ್ನು ಬೈಯುವ ಮೊದಲು ನಾವೂ ಒಮ್ಮೆ ಎದೆ ಮುಟ್ಟಿಕೊಳ್ಳೋಣ. ಗಿರದಾವರರಿಗೆ ಓವರ್ಸಿಯರನ ಜ್ವರದಿಂದ ಬಂದದ್ದು ಅವನಿಗೆ ಮುದುಕನ ಪ್ರೀತಿಯಿಂದ ಬಂದಿತ್ತು. ಯಾರೂ ಮೋಸ ಮಾಡಿರಲಿಲ್ಲ. ಅವನು ದಿಬ್ಬ ಇಳಿದು, ಮರಳು ದಾಟಿ, ಊರ ಕಡೆಯ ದಂಡೆ ಹತ್ತಿದ. ಕಣ್ಣ ಮುಂದೆ ಮೊಳೆಗೆ ತೂಗುವ ಕಡಗ, ಬಾಯಿ ಕಟ್ಟಿದ ರೇವಣಪ್ಪ, ಮಾಳಿಗೆಯ ಮೇಲಿನ ಆ ಮುಖ. ದಂಡೆಯ ಮೇಲೆ ನಿಂತಾಗ ಹಿಂದಿನಿಂದ ಗುಡುಗಿನಂಥ ಸದ್ದು ಬಂತು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹಳ್ಳಕ್ಕೆ ಕೆಂಪು ನೀರು ಇಳಿಯುತ್ತಿತ್ತು.

ಅವನು ತಿರುಗಿ ನೋಡಿದ. ದಿಬ್ಬದ ಮೇಲೆ ಮಲಂಗಸಾಬ ಏಳಲು ನೋಡುತ್ತಿದ್ದ. ಅಷ್ಟು ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಮೊಣಕಾಲು ಹಿಡಿದುಬಿಟ್ಟಿದ್ದವು. ಕೋಲೂರಿ ಅರ್ಧ ಎದ್ದ, ಕೂತ. ಮತ್ತೆ ಅರ್ಧ ಎದ್ದ, ಕೂತ. ಕೂಗಿ ಕರೆದಿದ್ದರೆ ದೇವಿಂದ್ರಪ್ಪ ಕೇಳಿಸಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಮುದುಕ ಕರೆಯಲೇ ಇಲ್ಲ. ಊರಿನ ಕಡೆಗೆ ಕೈ ಮಾಡಿ, ಹೋಗು ಹೋಗು ಎನ್ನುತ್ತಿದ್ದ.

ದೇವಿಂದ್ರಪ್ಪ ತನಗೆ ಬರುವ ಎಲ್ಲ ಭಾಷೆಗಳಲ್ಲೂ ತನ್ನನ್ನೇ ಬೈದುಕೊಳ್ಳುತ್ತ ಹಳ್ಳಕ್ಕೆ ಇಳಿದ.

ಹೋಗುವಾಗ ನೀರು ಮೊಣಕಾಲಿಗಿತ್ತು. ಬರುವಾಗ ಸೊಂಟಕ್ಕೆ ಬಂದಿತ್ತು. ಬೆನ್ನ ಮೇಲೆ ಕೂತವನು ಮುದುಕನಾದರೂ ಪೈಲವಾನನ ಎಲುಬು, ಕಬ್ಬಿಣದ ತೂಕ. ಮಲಂಗಸಾಬ ಮೇಲಿನಿಂದಲೇ ಪಾಠ ಹೇಳುತ್ತಿದ್ದ. ಭಾರ ಸೊಂಟದ ಮೇಲೆ ಹಾಕು, ಉಸಿರು ಹಿಡಿಯಬೇಡ, ಹೆಜ್ಜೆ ಅಗಲ ಇಡು, ನಿನಗೆ ಇಪ್ಪತ್ತು ವರ್ಷವಿದ್ದಾಗ ನನ್ನ ಕೈಗೆ ಸಿಗಬೇಕಿತ್ತು. ದಂಡೆ ಹತ್ತಿದ ಮೇಲೆ ಶ್ರಾವಣದ ತುಂತುರಿಗೆ ಹಸಿಯಾಗಿದ್ದ ಎರೆಮಣ್ಣು ಶುರುವಾಯಿತು. ಆ ಮಣ್ಣಿನ ಒಲವು ಗೊತ್ತಿದ್ದವರಿಗೇ ಗೊತ್ತು, ಒಮ್ಮೆ ಹಿಡಿದ ಕಾಲನ್ನು ಬಿಡುವುದಿಲ್ಲ. ಕೆರ ಎರಡೂ ಅಲ್ಲೇ ಉಳಿದವು. ರುಮಾಲು ಬಿಚ್ಚಿ ಕಣ್ಣಿಗೆ ಬಿತ್ತು. ಮದುವೆಯ ದಿನ ಬಿಟ್ಟರೆ ಇಷ್ಟು ಬೆವರು ಅವನಿಗೆ ಎಂದೂ ಬಂದಿರಲಿಲ್ಲ.

ಕಣದಲ್ಲಿ ದತ್ತಪ್ಪಗೌಡರು ಬೇಸತ್ತು ಎದ್ದು ನಿಂತಿದ್ದರು. ಇಬ್ಬರೂ ಬಂದಿಲ್ಲ, ಕಡಗ ಗರಡಿಗೆ ಸೇರುತ್ತದೆ ಎಂದು ಹೇಳುವವರಿದ್ದರು. ಆಗ ಜನ ಸರಿದು ದಾರಿ ಬಿಟ್ಟರು. ಕೆಸರಿನಲ್ಲಿ ಅದ್ದಿ ತೆಗೆದಂತಿದ್ದ ದೇವಿಂದ್ರಪ್ಪ, ಬೆನ್ನ ಮೇಲೆ ಎದುರಾಳಿಯನ್ನು ಹೊತ್ತು ಬರುತ್ತಿದ್ದ. ಮುದುಕ ಹೆದರಿ ಓಡಿಹೋಗಿದ್ದನೆಂದೂ, ದೇವಿಂದ್ರಪ್ಪ ಬೆನ್ನಟ್ಟಿ ಹಿಡಿದು ತಂದನೆಂದೂ ಮಲ್ಕಪ್ಪ ಕೂಡಲೇ ಎಲ್ಲರಿಗೂ ವಿವರಿಸಿದ. ರೇವಣಪ್ಪ ಬಾಯಿ ತೆರೆದು ನಿಂತ. ಮಾಳಿಗೆಯ ಮೇಲೆ ಖಾಸೀಂಬಿ ನಿಂಬೆವ್ವನ ಕೈ ಹಿಡಿದುಕೊಂಡಳು.

ಮುದುಕನ ಮೊಣಕಾಲಿಗೆ ಮೆತ್ತಗಿನ ಜಾಗ ಬೇಕಾಗಿತ್ತು. ಹತ್ತಿರದಲ್ಲಿ ಮೆತ್ತಗಿದ್ದದ್ದು ಕಣದ ಹದ ಮಾಡಿದ ಮಣ್ಣೊಂದೇ. ದೇವಿಂದ್ರಪ್ಪ ಅವನನ್ನು ಮೆಲ್ಲಗೆ ಅಲ್ಲಿ ಇಳಿಸಿ ಕೂಡಿಸಿದ. ಮಲಂಗಸಾಬನ ಕೈಗೆ ಮಣ್ಣು ತಾಗಿತು. ಅವನು ಅಭ್ಯಾಸದಂತೆ ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ. ಕೂತವನನ್ನು ಎಬ್ಬಿಸಿ ಕಟ್ಟೆಗೆ ಕರೆದೊಯ್ಯೋಣ ಎಂದು ದೇವಿಂದ್ರಪ್ಪ, ಏಳ್ರಿ ಮುತ್ಯಾ ಎಂದು ಕೈ ಚಾಚಿದ.

ಕಣದಲ್ಲಿ ಎರಡನೆಯ ಸಲ ಅವನು ಕೈ ಚಾಚಿದ್ದು. ಎರಡನೆಯ ಸಲವೂ ಅದನ್ನು ಹಿಡಿದವನು ಅದೇ ಮುದುಕ. ಆಮೇಲೆ ಏನಾಯಿತೆಂದು ದೇವಿಂದ್ರಪ್ಪನಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಮೊದಲು ಗೌಡರ ಮಾಳಿಗೆ ತಲೆಕೆಳಗಾಗಿ ಕಂಡಿತು, ಆಮೇಲೆ ಆಕಾಶ ಕಂಡಿತು, ಆಮೇಲೆ ಆಕಾಶಕ್ಕೆ ಅಡ್ಡವಾಗಿ ಮಲಂಗಸಾಬನ ಗಡ್ಡ ಕಂಡಿತು. ಅವನ ಬೆನ್ನಿನ ಎರಡೂ ಪಕ್ಕ ಮಣ್ಣಿಗೆ ಹತ್ತಿದ್ದವು. ಕೂತಲ್ಲಿಂದಲೇ ಒಗೆದಿದ್ದ ಮುದುಕ ಎದೆಯ ಮೇಲೆ ಕೂತು, ಅವನಿಗಿಂತ ಹೆಚ್ಚು ಗಾಬರಿಯಾಗಿ ನೋಡುತ್ತಿದ್ದ.

"ತೌಬಾ ತೌಬಾ," ಎಂದ. "ಕೈ ಮಾಡ್ತು ಬೇಟಾ. ನಾ ಮಾಡ್ಲಿಲ್ಲ."

ಗೌಡರು ಚಿತ್ ಎಂದರು. ಹಲಗೆ ಮೊಳಗಿತು. ರೇವಣಪ್ಪ ಓಡಿ ಬಂದು ಮೊದಲು ಮುದುಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಆಮೇಲೆ ನೆನಪಾಗಿ ಅಕ್ಕನ ಗಂಡನನ್ನು ಎಬ್ಬಿಸಿದ. ಕಡಗ ತೊಡಿಸಿದ ತೋಳನ್ನು ಮಲಂಗಸಾಬ ತುಂಬ ಹೊತ್ತು ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನ ಕಣ್ಣಲ್ಲಿ ನೀರು ಬಂತು. ಮರುಗಳಿಗೆಗೆ ಅದನ್ನು ಬಿಚ್ಚಿ ದೇವಿಂದ್ರಪ್ಪನಿಗೆ ಕೊಡಲು ಬಂದ. ದೇವಿಂದ್ರಪ್ಪ ಬೇಡವೆಂದ. ಬೆನ್ನು ನೆಟ್ಟಗಾಗದೆ ಬಗ್ಗಿ ನಿಂತೇ ಬೇಡವೆಂದ. ಬೇರೆಯವರಿಗೆ ಅದು ದೊಡ್ಡ ಮನಸ್ಸಿನಂತೆ ಕಂಡಿತು. ನಿಜವೇನೆಂದರೆ, ಆ ಕಣದಲ್ಲಿ ಇನ್ನೊಮ್ಮೆ ಕೈ ಮುಂದೆ ಮಾಡುವ ಧೈರ್ಯ ಅವನಿಗಿರಲಿಲ್ಲ.

ಮನೆಗೆ ಬಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತ. ತಲೆಯ ಮೇಲೆಯೇ ಖಾಲಿ ಮೊಳೆ ಇತ್ತು. ಎದುರಿಗೆ ರೇವಣಪ್ಪ ತೋಳಿನ ಕಡಗ ತಿರುಗಿಸುತ್ತ ಮತ್ತೆ ಆ ಮೊಳೆಯನ್ನೇ ನೋಡುತ್ತಿದ್ದ. ನಾಳೆ ಈ ಸುದ್ದಿ ಮಾದನಹಿಪ್ಪರಗಾ ಮುಟ್ಟುತ್ತದೆ, ಇನ್ನು ಮಜ್ಜಿಗೆಯೂ ಸಿಗುವುದಿಲ್ಲ ಎಂದು ದೇವಿಂದ್ರಪ್ಪ ಲೆಕ್ಕ ಹಾಕಿದ. ನಿಂಬೆವ್ವ ಒಳಗಿನಿಂದ ಬಂದಳು. ಅವನ ಕೊರಳಿಗೆ ಸುತ್ತಿಕೊಂಡಿದ್ದ ರುಮಾಲನ್ನು ಬಿಡಿಸಿ ತೆಗೆದಳು. ಅದರ ತುಂಬ ಹೊಲದ ಕಪ್ಪು ಮಣ್ಣು, ಕಣದ ಕೆಂಪು ಮಣ್ಣು. ಒಗೆಯಲು ಹಾಕುತ್ತಾಳೆ ಅಂದುಕೊಂಡರೆ, ಕೈ ಮೇಲೆತ್ತಿ ಆ ಮೊಳೆಗೇ ತೂಗುಹಾಕಿದಳು.

"ಅಕ್ಕಾ, ಕೆಸರಿನ ಅರಿಬಿ ಯಾಕ ಹಾಕ್ದಿ ಅಲ್ಲಿ?" ಎಂದ ರೇವಣಪ್ಪ.

"ನಮ್ಮಪ್ಪನ ಮನ್ಯಾಗ ಗೋಡಿ ತುಂಬ ಕಡಗ ಅವ, ತಮ್ಮಾ. ಎಲ್ಲಾನೂ ಯಾರನ್ನೋ ಕೆಡವಿದ್ದು. ಹೊಳ್ಳಿ ಹೋಗಿ ಯಾರನ್ನಾದ್ರೂ ಹೊತ್ಕೊಂಡು ಬಂದದ್ದು ಒಂದಾದ್ರೂ ಇದ್ರ ಹೇಳು, ಇದನ್ನ ಇಳಸ್ತೇನಿ."

ರೇವಣಪ್ಪ ಕಡಗ ತಿರುಗಿಸುವುದನ್ನು ನಿಲ್ಲಿಸಿದ. ನಿಂಬೆವ್ವ ಅಷ್ಟು ಹೇಳುವಾಗ ತಲೆ ತಗ್ಗಿಸಿರಲಿಲ್ಲ. ಇಂಥ ಹೊತ್ತಿಗೆ ಏನಾದರೂ ದೊಡ್ಡ ಮಾತಾಡಬೇಕೆಂದು ದೇವಿಂದ್ರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಎರಡೂ ಕೈಯನ್ನು, ಆಮೇಲೆ ಅವನ ಅಕ್ಕಪಕ್ಕದ ನೆಲವನ್ನು ನೋಡಿದಳು.

"ಅವ್ವ ಕೊಟ್ಟ ತಂಬಿಗಿ ಎಲ್ಲದ?"

ಹೊರಗೆ, ದೂರದಲ್ಲಿ, ದಂಡೆ ತುಂಬಿ ಹರಿಯುವ ಹಳ್ಳದ ಸದ್ದು ಕೇಳುತ್ತಿತ್ತು. ದೇವಿಂದ್ರಪ್ಪ ತಲೆ ತಗ್ಗಿಸಿಕೊಂಡು ಹೇಳಿದ.

"ಹಳ್ಳಕ್ಕ ವಾಕೋವರ್ ಕೊಟ್ಟು ಬಂದೇನಿ."